ಬಿಟ್ಟವರಿಗೊಂದು ಕಾಲಂ ಬೇಡವೇ?

ಪುಣೆಯಲ್ಲಿ ಕೂತು ನಾನು ಮಾಡುವ ಕೆಲಸ ಆಸ್ಪತ್ರೆಗಳ ರೋಗಿ ದಾಖಲೆಯ ಸಾಫ್ಟ್‌ವೇರ್‌ಗೆ ಸಂಬಂಧಿಸಿದ್ದು. ಊರಿನಲ್ಲಿ ಯಾರಾದರೂ ಕೇಳಿದರೆ ‘ಡಾಕ್ಟರ ಚೀಟಿಯನ್ನು ಕಂಪ್ಯೂಟರ್‌ಗೆ ಹತ್ತಿಸುವ ಕೆಲಸ’ ಅಂದುಬಿಡುತ್ತೇನೆ. ಆ ದಾಖಲೆಯಲ್ಲಿ ಬಿಪಿ, ಸಕ್ಕರೆ, ತೂಕ ಎಲ್ಲಕ್ಕೂ ಮರ್ಯಾದೆ ಇದೆ. ಮರ್ಯಾದೆ ಇಲ್ಲದ ಒಂದು ಕಾಲಂ ಎಂದರೆ ತಂಬಾಕಿನದು. ರೋಗಿಯ ಮುಖ ನೋಡಿಯೇ ‘ಇಲ್ಲ’ ಎಂದು ಒತ್ತಿ ಮುಂದೆ ಹೋಗುವವರೇ ಹೆಚ್ಚು.

ಇದೇ ಕಾಲಂ ಅನ್ನು ದೇಶದ ಮಟ್ಟದಲ್ಲಿ ಗಂಭೀರವಾಗಿ ತೆಗೆದುಕೊಂಡವರು ಆಸ್ಟ್ರೇಲಿಯಾದವರು, ಅದೂ ಅಲ್ಲಿನ ಮೂಲನಿವಾಸಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ. ಅದಕ್ಕೆ ಹಿನ್ನೆಲೆಯೂ ಇದೆ. ಅಬೊರಿಜಿನಲ್ ಜನರನ್ನು ದನ ಮೇಯಿಸುವ ದೊಡ್ಡ ದೊಡ್ಡ ಎಸ್ಟೇಟುಗಳಲ್ಲಿ, ಮಿಷನ್‌ಗಳಲ್ಲಿ ದುಡಿಸಿಕೊಂಡವರು ಕೂಲಿಯ ಬದಲು ಪಡಿ ಕೊಡುತ್ತಿದ್ದರು. ಹಿಟ್ಟು, ಸಕ್ಕರೆ, ಟೀ ಪುಡಿ, ಜೊತೆಗೆ ತಂಬಾಕು. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಇದು ನಡೆದಿತ್ತು. ಹಾಗಾಗಿ ‘ಅವರಿಗೆ ಚಟ ಜಾಸ್ತಿ’ ಎಂದು ಯಾರಾದರೂ ಅಂದರೆ, ಚಟ ಹತ್ತಿಸಿದವರ ಲೆಕ್ಕವನ್ನೂ ಕೇಳಬೇಕಾಗುತ್ತದೆ.

1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳು ತಾವೇ ನಡೆಸುವ ಮೊದಲ ಆರೋಗ್ಯ ಕೇಂದ್ರ ತೆರೆದರು. ಆಮೇಲೆ ಅಂಥವು ದೇಶದ ತುಂಬ ಹುಟ್ಟಿಕೊಂಡವು. ಸರ್ಕಾರದ ಅನುದಾನ ಪಡೆಯುವ ಈ ಕೇಂದ್ರಗಳು ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ಲೆಕ್ಕದಲ್ಲಿ, ಒಂದಷ್ಟು ಸೂಚ್ಯಂಕಗಳ ಮಾಹಿತಿ ಕಳಿಸುತ್ತವೆ. ಅದರಲ್ಲಿ ತಂಬಾಕಿನದು ಒಂದಲ್ಲ, ಮೂರು. ಸೇದುತ್ತಾರೋ ಇಲ್ಲವೋ ಎಂದು ಎಷ್ಟು ಜನರನ್ನು ಕೇಳಿ ಬರೆದುಕೊಂಡಿದ್ದೀರಿ ಎನ್ನುವುದು ಮೊದಲನೆಯದು. ಬರೆದುಕೊಂಡವರಲ್ಲಿ ಎಷ್ಟು ಜನ ಸೇದುತ್ತಾರೆ, ಎಷ್ಟು ಜನ ಬಿಟ್ಟಿದ್ದಾರೆ, ಎಷ್ಟು ಜನ ಮುಟ್ಟಿಯೇ ಇಲ್ಲ ಎನ್ನುವುದು ಎರಡನೆಯದು. ಇತ್ತೀಚೆಗೆ ಹೆತ್ತ ತಾಯಂದಿರದು ಪ್ರತ್ಯೇಕ.

ಮೊದಲ ಎರಡನ್ನು ಬೇರೆ ಬೇರೆ ಇಟ್ಟಿದ್ದನ್ನು ನೋಡಿ ನನಗೆ ಖುಷಿಯಾಯಿತು. ಯಾಕೆಂದು ಒಂದು ಕಾಲ್ಪನಿಕ ಲೆಕ್ಕದಿಂದ ಹೇಳುತ್ತೇನೆ. ಒಂದು ಕೇಂದ್ರಕ್ಕೆ ಸಾವಿರ ಜನ ಬರುತ್ತಾರೆ ಎನ್ನಿ. ಮೊದಲ ವರ್ಷ ಐನೂರು ಜನರನ್ನು ಮಾತ್ರ ಕೇಳಿದ್ದಾರೆ. ಕೆಮ್ಮುತ್ತಾ ಬಂದವರನ್ನು, ಬಟ್ಟೆಯಲ್ಲಿ ಹೊಗೆ ವಾಸನೆ ಇದ್ದವರನ್ನು ನರ್ಸ್ ಮೊದಲು ಕೇಳುವುದು ಸಹಜ. ಆ ಐನೂರರಲ್ಲಿ ಮುನ್ನೂರು ಜನ ಸೇದುವವರು, ಅಂದರೆ ಶೇ 60. ಮುಂದಿನ ವರ್ಷ ಇನ್ನೂ ಮುನ್ನೂರು ಜನರನ್ನು ಕೇಳುತ್ತಾರೆ, ಅವರಲ್ಲಿ ಅರವತ್ತು ಜನ ಮಾತ್ರ ಸೇದುವವರು. ಈಗ ಎಂಟುನೂರಕ್ಕೆ ಮುನ್ನೂರ ಅರವತ್ತು, ಶೇ 45. ಒಬ್ಬನೇ ಒಬ್ಬ ಸಿಗರೇಟು ಬಿಟ್ಟಿಲ್ಲ, ಆದರೂ ವರದಿಯಲ್ಲಿ ಹದಿನೈದು ಪಾಯಿಂಟ್ ಇಳಿಕೆ! ಮಂತ್ರಿಗಳು ಭಾಷಣ ಮಾಡಲು ಇಷ್ಟು ಸಾಕು. ಎಷ್ಟು ಜನರನ್ನು ಕೇಳಿದ್ದೀರಿ ಎಂಬ ಅಂಕಿ ಪಕ್ಕದಲ್ಲೇ ಇದ್ದರೆ ಈ ಮೋಸ ನಡೆಯುವುದಿಲ್ಲ.

ಇನ್ನೊಂದು ಜಾಣತನವೂ ಇದೆ. ಉತ್ತರಕ್ಕೆ ಎರಡು ವರ್ಷದ ಆಯುಷ್ಯ. ಅದಕ್ಕಿಂತ ಹಳೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮತ್ತೆ ಕೇಳಬೇಕು. ಎರಡು ವರ್ಷದಲ್ಲಿ ಕನಿಷ್ಠ ಮೂರು ಸಲ ಬಂದವರನ್ನಷ್ಟೇ ಕೇಂದ್ರದ ಕಾಯಂ ರೋಗಿ ಎನ್ನುತ್ತಾರೆ. ಊರಿಂದ ಊರಿಗೆ ತಿರುಗುವ ಜನ ಈ ನಿಯಮದಿಂದ ಕೈತಪ್ಪಿ ಹೋಗುತ್ತಾರೆ ಅನ್ನುವುದು ನಿಜ. ಆದರೆ ಒಂದೇ ಸಲ ಬಂದು ಹೋದವರ ಹೊಣೆಯನ್ನು ಕೇಂದ್ರದ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಹೆಸರುಗಳು ಕೇಂದ್ರದಲ್ಲೇ ಉಳಿಯುತ್ತವೆ, ಮೇಲಕ್ಕೆ ಹೋಗುವುದು ಒಟ್ಟು ಅಂಕಿ ಮಾತ್ರ. ಹಾಗಿದ್ದೂ ಆ ಅಂಕಿ ಯಾರದು ಎಂಬ ತಕರಾರು ಅಲ್ಲಿ ಜೋರಾಗಿಯೇ ಇದೆ. ನಮ್ಮ ಬಗೆಗಿನ ಮಾಹಿತಿಯ ಯಜಮಾನಿಕೆ ನಮ್ಮದೇ ಆಗಿರಬೇಕು ಎಂದು ಮೂಲನಿವಾಸಿ ಸಂಘಟನೆಗಳು ಕೇಳುತ್ತಿವೆ. ಪಡಿಯಲ್ಲಿ ತಂಬಾಕು ಹಂಚಿದ ಸರ್ಕಾರಕ್ಕೇ ಈಗ ತಂಬಾಕಿನ ಲೆಕ್ಕ ಒಪ್ಪಿಸಬೇಕೆಂದರೆ ಅನುಮಾನ ಬರುವುದು ತಪ್ಪೇನಲ್ಲ.

ಫಲ ಸಿಕ್ಕಿದೆಯೇ? ಮನೆ ಮನೆ ಸಮೀಕ್ಷೆಗಳ ಪ್ರಕಾರ, 15 ದಾಟಿದ ಮೂಲನಿವಾಸಿಗಳಲ್ಲಿ ದಿನವೂ ಸೇದುವವರು 2012–13ರಲ್ಲಿ ಶೇ 41ರಷ್ಟಿದ್ದರು. 2018–19ರಲ್ಲಿ ಅದು ಶೇ 37, 2022–23ರಲ್ಲಿ ಶೇ 29. 2010ರಿಂದ ಅವರಿಗಾಗಿಯೇ ಒಂದು ಪ್ರತ್ಯೇಕ ಕಾರ್ಯಕ್ರಮ ನಡೆಯುತ್ತಿದೆ, 2012ರಲ್ಲಿ ದೇಶಕ್ಕೆಲ್ಲ ಬಣ್ಣಗೆಟ್ಟ ಸಾದಾ ಪ್ಯಾಕೆಟ್ ಬಂತು, ತೆರಿಗೆಯೂ ಏರುತ್ತಲೇ ಹೋಯಿತು. ಯಾವುದರಿಂದ ಎಷ್ಟು ಇಳಿಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಬರೀ ಕಾಲಂ ತುಂಬಿದ್ದರಿಂದ ಯಾರೂ ಸಿಗರೇಟು ಬಿಟ್ಟಿಲ್ಲ ಎಂಬುದಂತೂ ಖಾತ್ರಿ. ಆದರೆ ಕೇಳುವವರು ತಮ್ಮವರೇ ಆಗಿದ್ದರೆ ನಿಜ ಹೇಳುವುದು ಸುಲಭ.

ನಮ್ಮಲ್ಲಿ? ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ತರುವ ಸಿಬ್ಯಾಕ್ ಎಂಬ ಫಾರಂನಲ್ಲಿ ತಂಬಾಕಿನ ಪ್ರಶ್ನೆ ಇದೆ. ಬೀಡಿ ಸಿಗರೇಟಿನ ಜೊತೆ ಗುಟ್ಕಾ, ಖೈನಿಯನ್ನೂ ಕೇಳುತ್ತಾರೆ, ಅದು ಒಳ್ಳೆಯದು. 2016–17ರ ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಸೇದುವವರು ಶೇ 10.7 ಇದ್ದರೆ, ಹೊಗೆಯಿಲ್ಲದ ತಂಬಾಕಿನವರು ಶೇ 21.4. ನಾನಿರುವ ಮಹಾರಾಷ್ಟ್ರದಲ್ಲಿ ಹೆಂಗಸರು ಸುಟ್ಟ ತಂಬಾಕಿನ ಪುಡಿ ಮಿಶ್ರಿಯಲ್ಲಿ ಹಲ್ಲು ಉಜ್ಜುತ್ತಾರೆ. ‘ಸೇದುತ್ತೀರಾ?’ ಎಂದಷ್ಟೇ ಕೇಳಿದರೆ ಅವರೆಲ್ಲ ‘ಇಲ್ಲ’ದ ಸಾಲಿಗೆ ಹೋಗುತ್ತಾರೆ. ಎಲೆ ಅಡಿಕೆಗೆ ಕಡ್ಡಿಪುಡಿ ಸೇರಿಸುವ ನಮ್ಮ ಅಜ್ಜಿಯರೂ ಅಷ್ಟೇ, ಅದನ್ನು ತಂಬಾಕು ಎಂದೇ ಒಪ್ಪುವುದಿಲ್ಲ.

ಆದರೆ ಆ ಫಾರಂನ ಉತ್ತರಗಳು ಹೀಗಿವೆ: ಎಂದೂ ಇಲ್ಲ ಎಂದರೆ ಸೊನ್ನೆ ಅಂಕ, ದಿನವೂ ಎಂದರೆ ಎರಡು. ‘ಹಿಂದೆ ಇತ್ತು’ ಮತ್ತು ‘ಆಗಾಗ’ ಸೇರಿ ಒಂದು ಅಂಕ. ಹತ್ತು ವರ್ಷದ ಹಿಂದೆ ಒದ್ದಾಡಿ ಬೀಡಿ ಬಿಟ್ಟ ಅಪ್ಪನೂ, ಸಂತೆಯ ದಿನ ಎರಡು ಎಳೆಯುವ ಚಿಕ್ಕಪ್ಪನೂ ಒಂದೇ ಮನೆಯಲ್ಲಿ! ಕಾಯಿಲೆಯ ಅಪಾಯ ಅಂದಾಜು ಮಾಡಲು ಇದು ನಡೆದೀತು. ಎಷ್ಟು ಜನ ಬಿಟ್ಟರು ಎಂದು ತಿಳಿಯಲು ಇದರಿಂದ ಆಗುವುದಿಲ್ಲ. ಇದು ಸಾಫ್ಟ್‌ವೇರ್‌ನಲ್ಲಿ ಅರ್ಧ ದಿನದ ಕೆಲಸ. ತಂಬಾಕು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ, ಬೀಡಿ ತಂಬಾಕಿನ ನಿಪ್ಪಾಣಿ ಇರುವ ನಮ್ಮ ರಾಜ್ಯಕ್ಕೆ ಈ ಲೆಕ್ಕ ಬೇರೆಯವರಿಗಿಂತ ಹೆಚ್ಚು ಬೇಕು. ಹುಣಸೂರು, ಕೋಟೆ ಕಡೆಯ ಹಾಡಿಗಳ ಜೇನುಕುರುಬರ ಲೆಕ್ಕವನ್ನು ಅವರ ಮಕ್ಕಳೇ ಬರೆದುಕೊಳ್ಳುವಂತಾದರೆ ಇನ್ನೂ ಒಳ್ಳೆಯದು.

ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ಆಶಾ ಬಂದಿದ್ದರಾ, ಕಡ್ಡಿಪುಡಿಯ ವಿಷಯ ಹೇಳಿದಿರಾ ಎಂದು ಕೇಳಿ ನೋಡಿ. ಬಿಡಬೇಕು ಅನ್ನುವವರಿಗೆ ಪ್ಯಾಕೆಟ್ ಮೇಲೆಯೇ ಅಚ್ಚಾಗಿರುವ 1800-11-2356 ಇದೆ. ಕರೆ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.