ಮೂಗು ನೋಡಿ ಲಾರಿ ಹೇಳು!

‘ಈ ಗಾಡಿ ಯಾವುದು, ಹೇಳು ನೋಡೋಣ?’

ಇದು ನಮ್ಮ ಗೆಳೆಯರ ಗುಂಪಿನ ಆಟ. ಕ್ರಿಕೆಟ್‌ಗೆ ಮೈದಾನ ಬೇಕು, ಮೊಬೈಲ್ ಗೇಮ್‌ಗೆ ಡೇಟಾ ಬೇಕು. ಇದಕ್ಕೆ ಬೇಕಾದದ್ದು ಒಂದು ಹಳೆಯ ಫೋಟೊ ಮಾತ್ರ. ಗಾಡಿಯ ಹೆಸರು, ಲಾಂಛನಗಳನ್ನು ಹೆಬ್ಬೆರಳಿನಿಂದ ಮುಚ್ಚಿ ತೋರಿಸಬೇಕು. ಕಂಪನಿ ಹೇಳಿದರೆ ಒಂದು ಅಂಕ, ಮಾಡೆಲ್ ಹೇಳಿದರೆ ಎರಡು. ವರ್ಷದ ಅಂದಾಜನ್ನೂ ಸರಿಯಾಗಿ ಹೇಳಿದವನಿಗೆ ಅವತ್ತಿನ ಚಹಾ ಪುಕ್ಕಟೆ.

ಬಿಇ ಓದುವ ಹುಡುಗರಿಗೆ ಇದೆಲ್ಲ ಸಿಲಬಸ್‌ನಲ್ಲೇ ಇರುತ್ತದೆ ಎಂದು ಮನೆಯವರು ತಿಳಿದಿದ್ದಾರೆ. ಇಲ್ಲ. ನಮಗೆ ಈ ಹುಚ್ಚು ಹಿಡಿಸಿದವರು ಸದಲಗಾದ ಒಬ್ಬ ಹಳೆಯ ಗ್ಯಾರೇಜ್ ಮಿಸ್ತ್ರಿ. ಈಗ ಕೆಲಸ ಬಿಟ್ಟಿದ್ದಾರೆ, ಕಣ್ಣೂ ಮಂಜು. ಆದರೂ ಫೋಟೊವನ್ನು ಮೂಗಿನ ಹತ್ತಿರ ಹಿಡಿದು ಅರ್ಧ ನಿಮಿಷದಲ್ಲಿ ಹೆಸರು ಹೇಳುತ್ತಾರೆ. ‘ಬೋರ್ಡ್ ಓದಾಂವ ಗಿರಾಕಿ, ಮೂಗ ಓದಾಂವ ಮಿಸ್ತ್ರಿ’ ಎನ್ನುವುದು ಅವರ ಮಾತು.

ಮೂಗು ಅಂದರೆ ಗಾಡಿಯ ಮುಂಭಾಗ. ಗ್ರಿಲ್, ಬಾನೆಟ್, ಹೆಡ್‌ಲೈಟ್. ‘ಅಂಬಾಸಿಡರ್ ಎಲ್ಲ ಒಂದೇ ಅಲ್ವಾ?’ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಹುಟ್ಟಿದ ಈ ಕಾರು 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ದೂರದಿಂದ ನೋಡಿದರೆ ಅಷ್ಟೂ ವರ್ಷ ಅದೇ ಕಾರು. ಹತ್ತಿರ ಹೋಗಿ ಗ್ರಿಲ್ ನೋಡಿ. 1962ರಲ್ಲಿ ಬಂದ ಮಾರ್ಕ್ 2ಕ್ಕೆ ಸಣ್ಣ ಸಣ್ಣ ಚೌಕಗಳ ಜಾಲರಿ. 1975ರ ಮಾರ್ಕ್ 3ಕ್ಕೆ ಅಡ್ಡಪಟ್ಟಿಗಳು. 1979ರ ಮಾರ್ಕ್ 4ಕ್ಕೆ ಮತ್ತೆ ಚೌಕಗಳು, ಆದರೆ ದೊಡ್ಡವು. ಮದುವೆ ಫೋಟೊದಲ್ಲಿ ಮದುಮಗನ ಹಿಂದೆ ಅಡ್ಡಪಟ್ಟಿಯ ಅಂಬಾಸಿಡರ್ ಇದ್ದರೆ ಆ ಮದುವೆ 1975ಕ್ಕಿಂತ ಮೊದಲು ಆಗಿರಲಾರದು!

ಜೀಪಿಗೂ ಇಂಥದ್ದೇ ಗುಟ್ಟಿದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಮುಂಭಾಗದ ಸೀಳುಗಳನ್ನು ಎಣಿಸಿದರೆ ಒಂಬತ್ತು. ಯುದ್ಧ ಮುಗಿದ ಮೇಲೆ ಜನರಿಗೆಂದು ಮಾಡಿದ ಜೀಪಿನಲ್ಲಿ ಏಳು. ಮಹೀಂದ್ರಾ ಕಂಪನಿ ನಮ್ಮಲ್ಲಿ ತಯಾರಿಸಿದ್ದು ಈ ಏಳರ ವಂಶವನ್ನು. ಫೋಟೊ ಎಷ್ಟೇ ಮಾಸಿದ್ದರೂ ಸೀಳು ಎಣಿಸಬಹುದು.

ನಮ್ಮದು ಗಡಿ ಊರು, ಹೀಗಾಗಿ ಗಾಡಿಗಳ ಅಡ್ಡಹೆಸರೂ ಎರಡು ಭಾಷೆಯವು. 1950ರ ದಶಕದ ಗುಂಡು ಬೆನ್ನಿನ ಫಿಯಾಟ್ 1100ಕ್ಕೆ ಮರಾಠಿ ಮಂದಿ ಇಟ್ಟ ಹೆಸರು ‘ಡುಕ್ಕರ್ ಫಿಯಾಟ್’. ಡುಕ್ಕರ್ ಅಂದರೆ ಹಂದಿ. ಅದರ ಮುಂದಿನ ಬಾಗಿಲುಗಳ ಕೀಲು ನಡುಗಂಬಕ್ಕೆ ಇದ್ದುದರಿಂದ ಬಾಗಿಲು ಹಿಂದುಮುಂದಾಗಿ ತೆರೆಯುತ್ತಿತ್ತು. ಫೋಟೊದಲ್ಲಿ ಬಾಗಿಲು ತೆರೆದಿದ್ದರೆ ಬೇರೆ ಸಾಕ್ಷಿ ಬೇಡ. ಇನ್ನು ‘ಟೆಂಪೋ’ ಎಂಬ ಪದವೇ ಒಂದು ಕಂಪನಿಯ ಹೆಸರು ಎಂದು ಎಷ್ಟು ಜನರಿಗೆ ಗೊತ್ತು? ಜರ್ಮನಿಯ ಟೆಂಪೋ ಹ್ಯಾನ್ಸಿಯಾಟ್ ಎಂಬ ಮೂರು ಚಕ್ರದ ಗಾಡಿಯನ್ನು ಬಜಾಜ್ ಟೆಂಪೋ ಕಂಪನಿ ಇಲ್ಲಿ ತಯಾರಿಸಿತು. ಮುಂದೆ ಒಂದೇ ಚಕ್ರ, ಎಂಜಿನ್ ಓಡಿಸುವುದೂ ಅದೇ ಚಕ್ರವನ್ನು. ಆ ಗಾಡಿ ರಸ್ತೆಯಿಂದ ಮಾಯವಾಯಿತು, ಹೆಸರು ನಮ್ಮ ಬಾಯಲ್ಲಿ ಉಳಿಯಿತು.

ಲಾರಿಗಳದ್ದು ಇನ್ನೂ ಕಷ್ಟ. ಏಕೆಂದರೆ ಆ ಕಾಲದಲ್ಲಿ ಕಂಪನಿಯಿಂದ ಬರುತ್ತಿದ್ದುದು ಹೆಚ್ಚಾಗಿ ಚಾಸಿ ಮತ್ತು ಮೂಗು. ಹಿಂದಿನ ಕಟ್ಟಿಗೆಯ ಬಾಡಿ, ಬಣ್ಣ, ಹೂವು–ನವಿಲು ಎಲ್ಲ ಊರ ಬಡಿಗನ, ಪೇಂಟರನ ಕೈಚಳಕ. ಹಾಗಾಗಿ ಬಾಡಿ ನೋಡಿ ಹೆಸರು ಹೇಳಲು ಹೋದರೆ ಚಹಾದ ಬಿಲ್ ನಿಮ್ಮದೇ. ಮೂಗು ನೋಡಿದರೂ ಮೋಸ ಹೋಗಬಹುದು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಜೋಡಿಸುತ್ತಿದ್ದ ಡಾಜ್, ಫಾರ್ಗೋ, ಡಿಸೋಟೊ ಲಾರಿಗಳು ಅಮೆರಿಕದ ಕ್ರೈಸ್ಲರ್ ಮನೆಯ ಒಂದೇ ಲಾರಿಗೆ ಇಟ್ಟ ಮೂರು ಹೆಸರು. ಮಿಸ್ತ್ರಿ ನಗುತ್ತ ಹೇಳುತ್ತಾರೆ: ‘ಮಾರಿ ಒಂದ, ಹೆಸರು ಮೂರ.’

ಟಾಟಾ ಲಾರಿಯ ಮೇಲಿನ ಅಂಕಿಗಳೂ ಮಾತನಾಡುತ್ತವೆ. 1210 ಅಂದರೆ ಸರಕು ಸೇರಿ ಸುಮಾರು 12 ಟನ್ ತೂಕ, ಸುಮಾರು 100 ಅಶ್ವಶಕ್ತಿ. 1986ರಲ್ಲಿ ಬಂದ 407ಕ್ಕೂ ಇದೇ ಲೆಕ್ಕ: 4 ಟನ್, 70 ಅಶ್ವಶಕ್ತಿ. ಇದು ಟಾಟಾ ಕಂಪನಿ ಜರ್ಮನಿಯ ಬೆಂಝ್‌ನಿಂದ ಕಲಿತ ಹೆಸರಿಡುವ ಪದ್ಧತಿ.

ಫೋನ್‌ಗೇ ತೋರಿಸಿದರಾಯಿತಲ್ಲ ಎನ್ನಬಹುದು. ನಾವೂ ತೋರಿಸಿದ್ದೇವೆ. ಸದಲಗಾದ ಅಂಬಾಸಿಡರ್‌ಗೆ ಅದು ‘ಮೋರಿಸ್ ಆಕ್ಸ್‌ಫರ್ಡ್’ ಎಂದಿತು. ಪೂರ್ತಿ ಸುಳ್ಳಲ್ಲ, ಅಜ್ಜನ ಹೆಸರನ್ನು ಮೊಮ್ಮಗನಿಗೆ ಹೇಳಿದಂತಾಯಿತು ಅಷ್ಟೇ. ಯಂತ್ರಕ್ಕೆ ಕಲಿಸಿದಷ್ಟೇ ಗೊತ್ತು. ಕಾರು ಗುರುತಿಸುವ ಪ್ರೋಗ್ರಾಂಗಳಿಗೆ ಪಾಠ ಹೇಳಲು ಬಹಳ ಬಳಕೆಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ 196 ಬಗೆಯ ಕಾರುಗಳ 16,185 ಚಿತ್ರಗಳಿವೆ. ಅವು ಬಹುಪಾಲು ಅಮೆರಿಕದ ರಸ್ತೆಯ ಕಾರುಗಳು. ನಿಪ್ಪಾಣಿಯ ತಂಬಾಕು ಹೊತ್ತ ಫಾರ್ಗೋವನ್ನು, ಬೆಂಗಳೂರಿನಲ್ಲೇ ಹುಟ್ಟಿದ ಫೈಬರ್ ಮೈಯ ಮೂರು ಚಕ್ರದ ‘ಬಾದಲ್’ ಕಾರನ್ನು ಅದಕ್ಕೆ ತೋರಿಸಿದವರು ಯಾರು?

ಇಷ್ಟೆಲ್ಲ ಗೊತ್ತಾಗಿ ಏನು ಪ್ರಯೋಜನ ಎಂಬ ಪ್ರಶ್ನೆ ನನಗೂ ಇತ್ತು. ಉತ್ತರ ಸಿಕ್ಕಿದ್ದು ನಮ್ಮ ಓಣಿಯ ಒಂದು ಮನೆಯಲ್ಲಿ.

ಆ ಮನೆಯ ಅಜ್ಜಿಯ ಗಂಡ ಲಾರಿ ಡ್ರೈವರ್ ಆಗಿದ್ದರು. ಮಕ್ಕಳು ಸಣ್ಣವರಿದ್ದಾಗಲೇ ತೀರಿಕೊಂಡರು. ಅವರದ್ದು ಉಳಿದಿರುವುದು ಒಂದೇ ಫೋಟೊ. ದಸರಾ ಪೂಜೆಗೆ ಹೂವಿನ ಹಾರ ಹಾಕಿದ ಲಾರಿ, ಪಕ್ಕದಲ್ಲಿ ಅವರು, ಮಡ್‌ಗಾರ್ಡ್ ಮೇಲೆ ಮೂರು–ನಾಲ್ಕು ವರ್ಷದ ಒಂದು ಮಗು. ಅಜ್ಜಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು 1961ರಲ್ಲಿ ಹುಟ್ಟಿದವನು, ಸಣ್ಣವನು 1966ರಲ್ಲಿ. ಮಗು ದೊಡ್ಡವನೇ ಎಂದು ಮನೆಯಲ್ಲಿ ನಂಬಿದ್ದರು. ‘ಅಪ್ಪನ ಜೋಡಿ ನಂದೊಂದು ಫೋಟೋನೂ ಇಲ್ಲ’ ಎನ್ನುತ್ತಲೇ ಸಣ್ಣ ಮಗನಿಗೆ ತಲೆ ನರೆತಿತ್ತು.

ನಾವು ಫೋಟೊವನ್ನು ಮೊಬೈಲ್‌ನಲ್ಲಿ ದೊಡ್ಡದು ಮಾಡಿ ಮಿಸ್ತ್ರಿಗೆ ತೋರಿಸಿದೆವು. ಅವರು ಹಾರದ ಸಂದಿಯಲ್ಲಿ ಬೆರಳಿಟ್ಟರು. ‘ನಕ್ಷತ್ರ ಅಲ್ಲ ಇದು, ಟಿ ಐತಿ ನೋಡ’ ಎಂದರು. ಟಾಟಾ ಮತ್ತು ಡೈಮ್ಲರ್–ಬೆಂಝ್ ಒಪ್ಪಂದ 1954ರಲ್ಲಿ ಆಗಿ 1969ರಲ್ಲಿ ಮುಗಿಯಿತು. ಅಲ್ಲಿಯವರೆಗೆ ಲಾರಿಯ ಮೂಗಿನ ಮೇಲೆ ಬೆಂಝ್‌ನ ಮೂರು ಮೂಲೆಯ ನಕ್ಷತ್ರ, ಆಮೇಲೆ ಅದೇ ವೃತ್ತದಲ್ಲಿ ಟಾಟಾದ ‘ಟಿ’ ಅಕ್ಷರ. ನಕ್ಷತ್ರದ ಲಾರಿ ಎಷ್ಟು ವರ್ಷವಾದರೂ ಓಡಬಹುದು. ಆದರೆ ‘ಟಿ’ ಲಾರಿ 1969ಕ್ಕಿಂತ ಮೊದಲು ಫೋಟೊದಲ್ಲಿ ನಿಲ್ಲಲು ಸಾಧ್ಯವೇ ಇಲ್ಲ. ಆ ಹೊತ್ತಿಗೆ ದೊಡ್ಡವನಿಗೆ ಎಂಟು ವರ್ಷ ಆಗಿತ್ತು. ಮಡ್‌ಗಾರ್ಡ್ ಮೇಲೆ ಕೂತವನು ಸಣ್ಣವನು!

ವಿಷಯ ಹೇಳಿದಾಗ ಆ ಕಾಕಾ ಏನೂ ಮಾತಾಡಲಿಲ್ಲ. ಫೋಟೊ ಇಸಿದುಕೊಂಡು ಒಳಗೆ ಹೋದರು. ಅಜ್ಜಿ ನಮಗೆ ಚಹಾ ಕೊಟ್ಟರು.

ಕಾರುಗಳ ನೆನಪು ಕಾಯಲು ಜನರಿದ್ದಾರೆ. ಧರ್ಮಸ್ಥಳದಲ್ಲಿ, ಮೈಸೂರು ಸಮೀಪದ ‘ಪಯಣ’ದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯಗಳಿವೆ. ನಮ್ಮ ಪಕ್ಕದ ಕೊಲ್ಹಾಪುರದಲ್ಲಿ ದಸರಾ ಬಂತೆಂದರೆ ರಾಜಮನೆತನದ ಮೇಬ್ಯಾಕ್ ಕಾರು ನೋಡಲು ಜನ ಸೇರುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ತಂದಿತು. ಆದರೆ ಅದು ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ. ಕಬ್ಬು, ತಂಬಾಕು ಹೊತ್ತ ಲಾರಿಗೆ ಅಲ್ಲಿ ಜಾಗವಿಲ್ಲ. ದುಡಿದ ಲಾರಿ ಕೊನೆಗೆ ಗುಜರಿಗೆ ಹೋಗುತ್ತದೆ. ಅದು ಇತ್ತು ಎನ್ನಲು ಉಳಿಯುವುದು ಇಂಥ ಮನೆಗಳ ಗೋಡೆಯ ಫೋಟೊಗಳು.

ಆ ಫೋಟೊಗಳಿಗೂ ಆಯುಷ್ಯ ಕಡಿಮೆ. 2019ರ ಆಗಸ್ಟ್‌ನಲ್ಲಿ ದೂಧಗಂಗೆ ಉಕ್ಕಿ ಬಂದಾಗ ಜನ ಮೊದಲು ಎತ್ತಿಕೊಂಡಿದ್ದು ಮಕ್ಕಳನ್ನು, ದನಗಳನ್ನು, ಕಾಗದಪತ್ರಗಳನ್ನು. ಟ್ರಂಕಿನ ತಳದ ಆಲ್ಬಂ ಯಾರಿಗೆ ನೆನಪಾಗಬೇಕು? ಇನ್ನೊಂದು ಕಡೆ, ಮೂಗು ನೋಡಿ ಹೆಸರು ಹೇಳುವ ಮಿಸ್ತ್ರಿಗಳೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ.

ಅದಕ್ಕೇ ಗೆಳೆಯರೇ, ಈ ರಜೆಯಲ್ಲಿ ಒಂದು ಕೆಲಸ ಮಾಡಿ. ಮನೆಯ ಹಳೆಯ ಫೋಟೊಗಳನ್ನು ತೆಗೆದು ಮೊಬೈಲ್‌ನಲ್ಲಿ ಸೆರೆಹಿಡಿಯಿರಿ. ಗಾಡಿ ಕಂಡರೆ ಗ್ರಿಲ್, ದೀಪ, ನಂಬರ್ ಪ್ಲೇಟ್‌ಗಳನ್ನು ದೊಡ್ಡದು ಮಾಡಿ ನೋಡಿ. ಪ್ಲೇಟಿನಲ್ಲಿ ‘ಎಂವೈ’ ಇದ್ದರೆ ಅದು ಹಳೆಯ ಮೈಸೂರು ರಾಜ್ಯದ ನೋಂದಣಿ ಎಂದು ತಿಳಿಯಿರಿ. ಓಣಿಯ ಹಳೆಯ ಡ್ರೈವರ್, ಮಿಸ್ತ್ರಿಗಳಿಗೆ ತೋರಿಸಿ ಕೇಳಿ. ಅವರು ಹೇಳಿದ ಹೆಸರು, ವರ್ಷ, ಫೋಟೊದಲ್ಲಿರುವವರು ಯಾರು ಎಂಬುದನ್ನು ಹಿಂಬದಿಯಲ್ಲಿ ಬರೆದಿಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ನೀರು ತಾಗಿದರೂ ಹರಡುವುದಿಲ್ಲ.

– ಬಿಇ ವಿದ್ಯಾರ್ಥಿ, ಸದಲಗಾ