ಪಿಯುಸಿಗೇ ಆಟ ಮುಗಿಯಬೇಕೇ?

ಟಿ. ನಗರದಲ್ಲಿ ನಮ್ಮ ಕೆಳಗಿನ ಮನೆಯವರು ಹಾಸನದವರು. ಹನ್ನೆರಡನೇ ತರಗತಿಯ ಮಗಳು ಶಾಲೆಯ ಬಾಸ್ಕೆಟ್‌ಬಾಲ್ ತಂಡದ ನಾಯಕಿ. ‘ಕಾಲೇಜಿಗೆ ಹೋದ ಮೇಲೆ ಆಟ ಯಾಕೆ? ಎಂ.ಟೆಕ್ ಓದಿದವರು, ನೀವೇ ಹೇಳಿ’ ಎಂದರು ಅವಳಪ್ಪ.

ನಾನು ಪಿಯುಸಿಯಲ್ಲೇ ಖೋಖೋ ಬಿಟ್ಟವನು; ಆ ಬೇಸರ ಇನ್ನೂ ಹೋಗಿಲ್ಲ. ಬೆಂಗಳೂರಿನ ಸಂಜನಾ ರಮೇಶ್ ಬಗ್ಗೆ ಹೇಳಿದೆ. ಬಾಸ್ಕೆಟ್‌ಬಾಲ್ ಸ್ಕಾಲರ್‌ಶಿಪ್ ಪಡೆದು 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಸೇರಿದವರು. ಅಷ್ಟು ದೂರವೇಕೆ? ಇದೇ ಚೆನ್ನೈನ ಅನಿತಾ ಪಾಲ್‌ದುರೈ ಭಾರತ ತಂಡದ ನಾಯಕಿಯಾದರು, ದಕ್ಷಿಣ ರೈಲ್ವೆಯಲ್ಲಿ ಕೆಲಸ ಪಡೆದರು, 2021ರಲ್ಲಿ ಪದ್ಮಶ್ರೀಯೂ ಬಂತು. ಇಲ್ಲಿನ ಎಂಜಿನಿಯರಿಂಗ್ ಪ್ರವೇಶದಲ್ಲೂ ಕ್ರೀಡಾ ಕೋಟಾ ಇದೆ. ಸರ್ಟಿಫಿಕೇಟ್‌ಗಳನ್ನು ಜೋಪಾನವಾಗಿಡಿ ಎಂದೆ.

ಅವರು ಏನೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಸ್ಕೂಟರಿನ ಹಿಂದೆ ಮಗಳು ಚೆಂಡು ಹಿಡಿದು ಕೂತಿದ್ದಳು. ಓಡಿಸುತ್ತಿದ್ದವರು ಅಪ್ಪ.