ಬೇಡದ ಸೇವೆಗೆ ಬಿಡುವು ಕೊಡಿ

ಮನೆಯ ಫೋಟೋ, ಪಾಠದ ಟಿಪ್ಪಣಿ, ವಿಡಿಯೋಗಳನ್ನು ಒಂದೆಡೆ ಇಟ್ಟು ಎಲ್ಲರೂ ಬಳಸಲು ನೆರವಾಗುವ ಸಾಧನವೇ 'ನ್ಯಾಸ್'. ನೋಡಲು ಬರೀ ಹಾರ್ಡ್ ಡಿಸ್ಕ್ ಪೆಟ್ಟಿಗೆ. ಒಳಗಿರುವುದು ಪುಟ್ಟ ಕಂಪ್ಯೂಟರ್. ಕಡತ ಹಂಚುವುದಲ್ಲದೆ ಸಿನಿಮಾ ಪ್ರಸಾರ, ಫೋಟೋಗಳ ಕಿರುಚಿತ್ರ ತಯಾರಿಕೆ, ಎಫ್‌ಟಿಪಿ, ಟೆಲ್‌ನೆಟ್ ಮುಂತಾದ ಸೇವೆಗಳೂ ಅದರಲ್ಲಿ ಸದ್ದಿಲ್ಲದೆ ನಡೆಯುತ್ತಿರಬಹುದು.

ಇದರಿಂದ ತೊಂದರೆಯೇನು? ಮೊದಲನೆಯದು ಬಿಸಿ. ಸೇವೆಗಳು ಪದೇ ಪದೇ ಕೆಲಸ ಕೊಡುತ್ತಿದ್ದರೆ ಡಿಸ್ಕ್‌ಗೆ ವಿಶ್ರಾಂತಿ ಸಿಗುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾದ ಕೋಣೆಯಲ್ಲಿ ಬಿಡುವಿಲ್ಲದೆ ತಿರುಗುವ ಡಿಸ್ಕ್ ಇನ್ನಷ್ಟು ಕಾಯುತ್ತದೆ, ವಿದ್ಯುತ್ತೂ ವ್ಯರ್ಥ.

ಎರಡನೆಯದು ಸುರಕ್ಷತೆ. ಹೊರಗಿನ ಕರೆಗೆ ಓಗೊಡುವ ಪ್ರತಿ ಸೇವೆಯೂ ಒಂದು ಬಾಗಿಲು. ಟೆಲ್‌ನೆಟ್ ಪಾಸ್‌ವರ್ಡನ್ನು ಮರೆಮಾಚದೆ ಕಳಿಸುತ್ತದೆ. 2022ರ ಜನವರಿಯಲ್ಲಿ, ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದ ಕ್ಯೂನ್ಯಾಪ್ ಸಾಧನಗಳಿಗೆ 'ಡೆಡ್‌ಬೋಲ್ಟ್' ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆಗ ಆ ಸಂಸ್ಥೆ ಕೊಟ್ಟ ಸಲಹೆಗಳಲ್ಲಿ ಯುಪಿಎನ್‌ಪಿ ನಿಲ್ಲಿಸುವುದೂ ಒಂದು. ಇದು ಸಾಧನ ತಾನಾಗಿಯೇ ರೌಟರ್‌ನಲ್ಲಿ ದಾರಿ ತೆರೆದುಕೊಳ್ಳುವ ಸೌಲಭ್ಯ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ತೆಗೆದಿಡಿ. ಸೆಟ್ಟಿಂಗ್ಸ್‌ನಲ್ಲಿ ಸೇವೆಗಳ ಪಟ್ಟಿ ನೋಡಿ. ಯಾವುದನ್ನು ಯಾರು ಬಳಸುತ್ತಾರೆಂದು ಮನೆಯವರನ್ನು ಕೇಳಿ. ಬೇಡವಾದದ್ದನ್ನು ಒಂದೊಂದಾಗಿ ನಿಲ್ಲಿಸಿ, ಎರಡು ದಿನ ಗಮನಿಸಿ, ಬರೆದಿಟ್ಟುಕೊಳ್ಳಿ. ತೊಡಕಾದರೆ ಮತ್ತೆ ಚಾಲೂ ಮಾಡಬಹುದು. ಕಡತ ಹಂಚುವ ಎಸ್‌ಎಂಬಿ ಇರಲಿ. ಅದರ ಹಳೆಯ ಮೊದಲ ಆವೃತ್ತಿ ಬೇಡ. ಡಿಸ್ಕ್‌ನ ಆರೋಗ್ಯ ತಪಾಸಣೆ ಮತ್ತು ತಂತ್ರಾಂಶದ ನವೀಕರಣವನ್ನು ಮಾತ್ರ ಎಂದೂ ನಿಲ್ಲಿಸಬೇಡಿ.